ಡೆಲ್ಟಾ ಸ್ಟೇಟ್ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ಸಂಜೆ ಹೊತ್ತು ಕಾಲೇಜು ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಆಡಿ ಸುಸ್ತಾಗಿ ಕೂತಾಗ ನಾನು ಜಾಸ್ತಿ ಹೇಳುವ ಕಥೆ ಅಮೆರಿಕದ ಮಿಸಿಸಿಪಿ ರಾಜ್ಯದ ಡೆಲ್ಟಾ ಸ್ಟೇಟ್ ಅನ್ನುವ ಸಣ್ಣ ವಿಶ್ವವಿದ್ಯಾಲಯದ ಹುಡುಗಿಯರದ್ದು. ಹುಡುಗಿಯರು ಅದನ್ನು ಮನೆಗೆ ಹೋಗಿ ಹೇಳುತ್ತಾರೆ, ಮರುದಿನ ಅಪ್ಪ, ಅವ್ವ, ಅಣ್ಣಂದಿರ ಪ್ರಶ್ನೆಗಳನ್ನೂ ಹೊತ್ತು ಬರುತ್ತಾರೆ. ಎಲ್ಲರಿಗೂ ಉತ್ತರ ಒಂದೇ ಕಡೆ ಸಿಗಲಿ ಅಂತ ಇಲ್ಲಿ ಬರೆದಿದ್ದೇನೆ.

ಈ ಡೆಲ್ಟಾ ಸ್ಟೇಟ್ ಎಲ್ಲಿದೆ? ಅಷ್ಟು ಸಣ್ಣದಾ?

ಕ್ಲೀವ್‌ಲ್ಯಾಂಡ್ ಅನ್ನುವ ಊರಲ್ಲಿದೆ. ಒಹಾಯೋ ರಾಜ್ಯದ ದೊಡ್ಡ ಕ್ಲೀವ್‌ಲ್ಯಾಂಡ್ ನಗರ ಬೇರೆ, ಇದು ಬೇರೆ. ಇಲ್ಲಿನ ಜನಸಂಖ್ಯೆ ಸುಮಾರು 11,000, ಅಂದರೆ ನಮ್ಮ ತಾಳಿಕೋಟೆಗಿಂತ ಸಣ್ಣ ಊರು. ಮಿಸಿಸಿಪಿ ಮತ್ತು ಯಾಝೂ ನದಿಗಳ ನಡುವಿನ ಸಪಾಟು ನೆಲ, ತಲೆಮಾರುಗಳಿಂದ ಹತ್ತಿ ಬೆಳೆದ ನೆಲ. 1924ರಲ್ಲಿ ಶಿಕ್ಷಕರನ್ನು ತಯಾರು ಮಾಡಲು ಅಲ್ಲಿ ಒಂದು ಕಾಲೇಜು ಕಟ್ಟಲು ನಿರ್ಧಾರವಾಯಿತು, ಮುಂದಿನ ವರ್ಷ ತರಗತಿಗಳು ಶುರುವಾದವು. ವಿಶ್ವವಿದ್ಯಾಲಯ ಅನ್ನುವ ಹೆಸರು ಬಂದದ್ದು 1974ರಲ್ಲಿ. ಇವತ್ತಿಗೂ ಅಲ್ಲಿ ಓದುವವರು ಕೆಲವೇ ಸಾವಿರ ಮಂದಿ.

ಹುಡುಗಿಯರು ಅಲ್ಲಿ ಯಾವಾಗಿನಿಂದ ಆಡುತ್ತಿದ್ದಾರೆ?

ಕಾಲೇಜು ಶುರುವಾದ ಕೆಲವೇ ವರ್ಷಗಳಲ್ಲಿ ತಂಡ ಇತ್ತು. ಹುಡುಗಿಯರಿಗೆ ಈ ಆಟ ಹೊಸದೇನೂ ಆಗಿರಲಿಲ್ಲ. ಜೇಮ್ಸ್ ನೈಸ್ಮಿತ್ ಬ್ಯಾಸ್ಕೆಟ್‌ಬಾಲ್ ಕಂಡುಹಿಡಿದದ್ದು 1891ರ ಡಿಸೆಂಬರ್‌ನಲ್ಲಿ. ಮರುವರ್ಷವೇ ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಅನ್ನುವ ಟೀಚರ್ ಅದನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. 1896ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹುಡುಗಿಯರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎದುರುಬದುರಾಗಿ ಆಡಿದರು, ಸ್ಟ್ಯಾನ್‌ಫರ್ಡ್ 2-1ರಿಂದ ಗೆದ್ದಿತು. ಹೌದು, ಇಡೀ ಮ್ಯಾಚಿನ ಸ್ಕೋರೇ ಅಷ್ಟು. ಕೋರ್ಟನ್ನು ಭಾಗ ಮಾಡಿ, ಯಾರೂ ತಮ್ಮ ಭಾಗ ಬಿಟ್ಟು ಓಡಬಾರದು ಅನ್ನುವ ನಿಯಮ ಹುಡುಗಿಯರಿಗೆ ಬಹಳ ವರ್ಷ ಇತ್ತು.

1932ರಲ್ಲಿ ತಂಡವನ್ನೇ ಮುಚ್ಚಿದರಂತೆ. ಸೋತಿದ್ದಕ್ಕಾ?

ಸೋಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಈ ಆಟ ಹೆಣ್ಣುಮಕ್ಕಳ ಮೈಗೆ ಭಾರ, ಅವರು ಇಷ್ಟು ದಣಿಯಬಾರದು ಅಂತ ಕಾಲೇಜಿನವರು ತೀರ್ಮಾನ ಮಾಡಿದರು, ಅಷ್ಟೇ. ಆಗ ಮಾರ್ಗರೆಟ್ ವೇಡ್ ಅನ್ನುವ ಹುಡುಗಿ ತಂಡದ ನಾಯಕಿ. ಓದು ಮುಗಿಯಲು ಇನ್ನೂ ಒಂದು ವರ್ಷ ಇತ್ತು, ಆಡುವ ವಯಸ್ಸು, ಆಡುವ ಶಕ್ತಿ ಎರಡೂ ಇತ್ತು. ಹುಡುಗಿಯರೆಲ್ಲ ಅತ್ತು, ತಮ್ಮ ಆಟದ ಬಟ್ಟೆಗಳನ್ನು ಸುಟ್ಟುಹಾಕಿದೆವು ಅಂತ ವೇಡ್ ಎಷ್ಟೋ ವರ್ಷಗಳ ನಂತರ ಹೇಳಿಕೊಂಡಿದ್ದಾರೆ. ಬೇರೇನೂ ಮಾಡುವ ಹಾಗಿರಲಿಲ್ಲ ಅವರಿಗೆ.

ಅದು ಆ ಒಂದು ಕಾಲೇಜಿನ ಕಥೆಯೂ ಅಲ್ಲ. 1920ರ ದಶಕದಿಂದ ಅಮೆರಿಕದಲ್ಲಿ ಎಷ್ಟೋ ಕಾಲೇಜುಗಳು ಹುಡುಗಿಯರ ಅಂತರಕಾಲೇಜು ಪಂದ್ಯಗಳನ್ನು ನಿಲ್ಲಿಸಿದವು. ಗೆಲ್ಲಬೇಕು ಅಂತ ಆಡುವುದು ಹೆಣ್ಣಿಗೆ ಒಪ್ಪುವುದಿಲ್ಲ, ಬೇಕಾದರೆ ಸುಮ್ನೆ ಒಂದು ದಿನ ಕೂಡಿ ಆಡಿ ತಿಂಡಿ ತಿಂದು ಹೋಗಲಿ ಅನ್ನುವ ವಿಚಾರ ಜೋರಾಗಿತ್ತು. ಅದನ್ನು ಹೇಳಿದವರಲ್ಲಿ ವ್ಯಾಯಾಮ ಕಲಿಸುವ ಮಹಿಳೆಯರೂ ಇದ್ದರು, ಹುಡುಗಿಯರಿಗೆ ಒಳ್ಳೆಯದೇ ಮಾಡುತ್ತಿದ್ದೇವೆ ಅಂತ ಅವರು ನಿಜವಾಗಿ ನಂಬಿದ್ದರು.

ನನಗೆ ಇಲ್ಲಿ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ. ಅದೇ ಕ್ಲೀವ್‌ಲ್ಯಾಂಡಿನ ಸುತ್ತಲಿನ ಹೊಲಗಳಲ್ಲಿ ಹೆಣ್ಣುಮಕ್ಕಳು ಬೆಳಗಿನಿಂದ ಕತ್ತಲಾಗುವವರೆಗೆ ಹತ್ತಿ ಬಿಡಿಸುತ್ತಿದ್ದರು. ಅದು ಹೆಣ್ಣಿನ ಮೈಗೆ ಭಾರ ಅಂತ ಯಾರೂ ನಿಲ್ಲಿಸಲಿಲ್ಲ. ನಮ್ಮ ಡೋಣಿ ಸಾಲಿನ ಎರಿ ಹೊಲಗಳಲ್ಲೂ ಹಾಗೇ ಅಲ್ವಾ? ಇಡೀ ದಿನ ಬಗ್ಗಿ ಕಸ ತೆಗೆಯುವ ಹುಡುಗಿಗೆ ಸಂಜೆ ಒಂದು ತಾಸು ಆಡಿದರೆ ದಣಿವಾಗುತ್ತದೆ ಅಂತ ಹೇಳುವವರು ನಮ್ಮಲ್ಲೂ ಇದ್ದಾರೆ.

ಆಮೇಲೆ ಎಷ್ಟು ವರ್ಷ ತಂಡ ಇರಲಿಲ್ಲ?

41 ವರ್ಷ. 1932ರಿಂದ 1973ರವರೆಗೆ.

ಈ ಕಥೆ ಹೇಳುವವರೆಲ್ಲ ಟ್ರೋಫಿಗಳ ಕಡೆ ಬೇಗ ಓಡುತ್ತಾರೆ. ನನಗೆ ಈ 41 ವರ್ಷಗಳೇ ಮುಖ್ಯ. ಅಷ್ಟು ವರ್ಷಗಳಲ್ಲಿ ಆ ಕಾಲೇಜಿಗೆ ಎಷ್ಟು ತಲೆಮಾರಿನ ಹುಡುಗಿಯರು ಬಂದು ಓದಿ ಹೋಗಿರಬೇಕು. ಅವರಲ್ಲಿ ಎಷ್ಟು ಒಳ್ಳೆಯ ಆಟಗಾರ್ತಿಯರಿದ್ದರೋ, ಅವರಿಗೇ ಗೊತ್ತಾಗಲಿಲ್ಲ. ತಮಗೆ ಆಟ ಬರುತ್ತದೆ ಅಂತ ಗೊತ್ತಾಗಲು ಮೊದಲು ಕೈಗೆ ಚೆಂಡು ಸಿಗಬೇಕಲ್ಲ.

ಅಷ್ಟು ವರ್ಷ ಮಾರ್ಗರೆಟ್ ವೇಡ್ ಏನು ಮಾಡಿದರು?

ಆಟ ಬಿಡಲಿಲ್ಲ. ಸ್ವಲ್ಪ ಕಾಲ ಟುಪೆಲೊ ಊರಿನ ತಂಡದಲ್ಲಿ ಆಡಿದರು, ಮೊಣಕಾಲಿಗೆ ಪೆಟ್ಟಾಯಿತು. ಆಮೇಲೆ ಶಾಲೆಯಲ್ಲಿ ಕಲಿಸಲು ಹೋದರು. ಅದೇ ಕ್ಲೀವ್‌ಲ್ಯಾಂಡ್ ಊರಿನ ಹೈಸ್ಕೂಲಿನಲ್ಲಿ 19 ವರ್ಷ ಹುಡುಗಿಯರ ತಂಡಕ್ಕೆ ಕೋಚ್ ಆಗಿದ್ದರು. ಅವರ ತಂಡಗಳು 453 ಮ್ಯಾಚ್ ಗೆದ್ದವು, 89 ಸೋತವು, 6 ಸಮವಾದವು. ಕಾಲೇಜಿನಲ್ಲಿ ಹುಡುಗಿಯರು ಆಡಬಾರದು, ಆದರೆ ಅದೇ ಊರಿನ ಹೈಸ್ಕೂಲಿನಲ್ಲಿ ಆಡಬಹುದು, ಎಂಥ ಲೆಕ್ಕ ನೋಡಿ. ಹೈಸ್ಕೂಲು ಮುಗಿದ ದಿನ ಆ ಹುಡುಗಿಯರ ಆಟವೂ ಮುಗಿಯುತ್ತಿತ್ತು.

1959ರಲ್ಲಿ ವೇಡ್ ಡೆಲ್ಟಾ ಸ್ಟೇಟ್‌ಗೇ ವಾಪಸ್ ಬಂದರು, ಮಹಿಳೆಯರ ದೈಹಿಕ ಶಿಕ್ಷಣ ವಿಭಾಗಕ್ಕೆ. ತಂಡ ಆಗಲೂ ಇರಲಿಲ್ಲ. ಪಾಠ ಮಾಡುತ್ತಾ ಇದ್ದರು.

1973ರಲ್ಲಿ ಮತ್ತೆ ಹೇಗೆ ಶುರುವಾಯಿತು?

ಎರಡು ಮೂರು ವಿಷಯ ಒಟ್ಟಿಗೆ ಕೂಡಿಬಂದವು. 1971ರಲ್ಲಿ ಹುಡುಗಿಯರ ಕಾಲೇಜು ಕ್ರೀಡೆಗೆ ಎಐಎಡಬ್ಲ್ಯು ಅನ್ನುವ ಪ್ರತ್ಯೇಕ ಸಂಸ್ಥೆ ಹುಟ್ಟಿತು. ಅದೇ ಹೊತ್ತಿಗೆ ಹುಡುಗಿಯರೂ ಐದು ಜನ, ಪೂರ್ತಿ ಕೋರ್ಟ್ ಓಡಿ ಆಡಬಹುದು ಅನ್ನುವ ನಿಯಮ ಬಂತು. 1972ರ ಜೂನ್‌ನಲ್ಲಿ ಟೈಟಲ್ ನೈನ್ ಅನ್ನುವ ಕಾನೂನು ಬಂತು. ಕೇಂದ್ರ ಸರ್ಕಾರದ ದುಡ್ಡು ತೆಗೆದುಕೊಳ್ಳುವ ಯಾವ ಶಾಲೆ ಕಾಲೇಜೂ ಹೆಣ್ಣು ಅನ್ನುವ ಕಾರಣಕ್ಕೆ ಭೇದ ಮಾಡುವಂತಿಲ್ಲ ಅನ್ನುವುದೇ ಅದರ ಸಾರ. ಅದರಲ್ಲಿ ಕ್ರೀಡೆಯ ಹೆಸರೇ ಇರಲಿಲ್ಲ, ಆದರೂ ಅತಿ ದೊಡ್ಡ ಬದಲಾವಣೆ ಆದದ್ದು ಕ್ರೀಡೆಯಲ್ಲಿ.

ಡೆಲ್ಟಾ ಸ್ಟೇಟ್ ತಂಡ ಮತ್ತೆ ಕಟ್ಟಲು ಹೊರಟಾಗ ವೇಡ್ ಅವರನ್ನೇ ಕೇಳಿದರು. ಆಗ ಅವರಿಗೆ 60 ವರ್ಷ. ನಮ್ಮಲ್ಲಿ ನೌಕರಿಯಿಂದ ನಿವೃತ್ತಿ ಆಗುವ ವಯಸ್ಸು! ಒಪ್ಪಿಕೊಂಡರು. ಮೊದಲ ವರ್ಷ 16 ಗೆಲುವು, 2 ಸೋಲು.

ಲೂಸಿಯಾ ಹ್ಯಾರಿಸ್ ಯಾರು?

ನಮ್ಮ ಹುಡುಗಿಯರಿಗೆ ಅತಿ ಇಷ್ಟದ ಪ್ರಶ್ನೆ ಇದು, ಎಷ್ಟು ಸಲ ಹೇಳಿದರೂ ಮತ್ತೆ ಕೇಳುತ್ತಾರೆ.

ಮಿಂಟರ್ ಸಿಟಿ ಅನ್ನುವ ಹಳ್ಳಿ. ಹೆಸರಿನಲ್ಲಿ ಮಾತ್ರ ಸಿಟಿ. 1955ರಲ್ಲಿ ಅಲ್ಲಿನ ಒಂದು ಕಪ್ಪು ಜನಾಂಗದ ರೈತ ಕುಟುಂಬದಲ್ಲಿ ಹುಟ್ಟಿದಳು, 11 ಮಕ್ಕಳಲ್ಲಿ ಹತ್ತನೆಯವಳು. ಮನೆಯವರು ಪಾಲಿಗೆ ಹೊಲ ಮಾಡುತ್ತಿದ್ದರು, ಇವಳೂ ಹತ್ತಿ ಬಿಡಿಸಿದ್ದಾಳೆ. ಅಣ್ಣಂದಿರ ಜೊತೆ ಮನೆ ಹಿತ್ತಲಲ್ಲಿ ಚೆಂಡು ಆಡಿದಳು. ರಾತ್ರಿ ಮಲಗುವ ಹೊತ್ತು ಮೀರಿದ ಮೇಲೂ ಹೊದಿಕೆ ಹೊದ್ದುಕೊಂಡು ಟಿವಿಯಲ್ಲಿ ಗಂಡಸರ ಬ್ಯಾಸ್ಕೆಟ್‌ಬಾಲ್ ನೋಡುತ್ತಿದ್ದಳಂತೆ. 6 ಅಡಿ 3 ಇಂಚು ಬೆಳೆದಳು. ಶಾಲೆಯಲ್ಲಿ ಎತ್ತರಕ್ಕೇ ಆಡಿಕೊಳ್ಳುತ್ತಿದ್ದರು. ಎತ್ತರದ ಹುಡುಗಿಯರು ಬೆನ್ನು ಬಾಗಿಸಿ ನಡೆಯುವುದನ್ನು ನಾನು ಇಲ್ಲಿ ದಿನಾ ನೋಡುತ್ತೇನೆ, ಆದ್ದರಿಂದ ಲೂಸಿಯಾ ಕಥೆ ಹೇಳುವಾಗ ಈ ಭಾಗಕ್ಕೆ ಬಂದು ಸ್ವಲ್ಪ ನಿಲ್ಲುತ್ತೇನೆ.

ಅವಳು ಓದಲು ಯೋಚಿಸಿದ್ದ ಇನ್ನೊಂದು ಕಾಲೇಜಿನಲ್ಲಿ ಹುಡುಗಿಯರ ತಂಡ ಇರಲಿಲ್ಲ. ಹಾಗಾಗಿ ಡೆಲ್ಟಾ ಸ್ಟೇಟ್‌ಗೆ ಬಂದಳು. ಆ ಕಾಲೇಜು ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಶುರುಮಾಡಿ ಆಗ ಆರೇಳು ವರ್ಷ ಆಗಿತ್ತು ಅಷ್ಟೇ. ತಂಡದಲ್ಲಿ ಇವಳೊಬ್ಬಳೇ ಕಪ್ಪು ಹುಡುಗಿ. ಅವರು ಆಡುತ್ತಿದ್ದ ಒಳಾಂಗಣಕ್ಕೆ ವಾಲ್ಟರ್ ಸಿಲ್ಲರ್ಸ್ ಅನ್ನುವ ರಾಜಕಾರಣಿಯ ಹೆಸರು. ಕಪ್ಪು ಬಿಳಿ ಮಕ್ಕಳು ಒಂದೇ ಕಡೆ ಓದಬಾರದು ಅಂತ ಬದುಕಿಡೀ ವಾದಿಸಿದ ಮನುಷ್ಯ ಅವರು. ಅವರ ಹೆಸರಿನ ಕಟ್ಟಡದಲ್ಲಿ ಲೂಸಿಯಾ ಆಟ ನೋಡಲು ಊರಿಗೆ ಊರೇ ಬರುತ್ತಿತ್ತು. ಹುಡುಗರ ಮ್ಯಾಚಿಗಿಂತ ಹುಡುಗಿಯರ ಮ್ಯಾಚಿಗೆ ಜನ ಜಾಸ್ತಿ.

ನಾಲ್ಕು ವರ್ಷದಲ್ಲಿ ಅವಳು ಗಳಿಸಿದ ಪಾಯಿಂಟ್ 2,981, ರಿಬೌಂಡ್ (ರಿಂಗ್‌ಗೆ ಬಡಿದು ವಾಪಸ್ ಬಂದ ಚೆಂಡು ಹಿಡಿಯುವುದು) 1,662. ಸರಾಸರಿ ಮ್ಯಾಚಿಗೆ 25.9 ಪಾಯಿಂಟ್. ದೂರದಿಂದ ಹಾಕಿದರೆ ಮೂರು ಪಾಯಿಂಟ್ ಕೊಡುವ ಗೆರೆ ಕಾಲೇಜು ಹುಡುಗಿಯರ ಆಟಕ್ಕೆ ಆಗಿನ್ನೂ ಬಂದಿರಲಿಲ್ಲ. ಹುಡುಗಿಯರಿಗೆ ಅಂತ ಸಣ್ಣ ಚೆಂಡು ಬಂದದ್ದೂ 1984ರಲ್ಲಿ, ಇವಳು ಆಡಿದ್ದು ಗಂಡಸರ ದೊಡ್ಡ ಚೆಂಡಿನಲ್ಲೇ.

ಅಷ್ಟು ಎತ್ತರದ ಹುಡುಗಿ ಇದ್ದರೆ ಯಾರು ಬೇಕಾದರೂ ಗೆಲ್ಲುತ್ತಾರೆ, ಅಲ್ವಾ?

ಅವಳ ಕೈಗೆ ಚೆಂಡು ತಲುಪಿಸುವವರು ಬೇಡವೇ? ಆ ಕೆಲಸ ಮಾಡಿದವಳು ಡೆಬ್ಬಿ ಬ್ರಾಕ್. ಎತ್ತರ 4 ಅಡಿ 11 ಇಂಚು. ನಮ್ಮ ತಂಡದ ಎಷ್ಟೋ ಹುಡುಗಿಯರಿಗಿಂತ ಗಿಡ್ಡ. ನನಗೆ ಎತ್ತರ ಇಲ್ಲ, ನಾನು ಆಡುವುದಿಲ್ಲ ಅಂತ ಹೇಳಿಕೊಂಡು ಬರುವವರಿಗೆಲ್ಲ ಈ ಹೆಸರು ಹೇಳುತ್ತೇನೆ. ಡ್ರಿಬಲ್ ಮಾಡುವಾಗ, ಅಂದರೆ ಚೆಂಡನ್ನು ನೆಲಕ್ಕೆ ಬಡಿಯುತ್ತಾ ಓಡುವಾಗ, ಅದು ನೆಲದ ಹತ್ತಿರ ಇದ್ದಷ್ಟೂ ಕಸಿದುಕೊಳ್ಳುವುದು ಕಷ್ಟ, ಗಿಡ್ಡ ಇರುವವರಿಗೆ ಅದು ಹುಟ್ಟಿನಿಂದ ಬಂದ ಅನುಕೂಲ.

ಎಷ್ಟು ಸಲ ರಾಷ್ಟ್ರೀಯ ಚಾಂಪಿಯನ್ ಆದರು?

ವೇಡ್ ಕಾಲದಲ್ಲಿ ಸತತ ಮೂರು ಸಲ: 1975, 1976, 1977. ಮೂರು ವರ್ಷ ಸೇರಿಸಿ 93 ಗೆಲುವು, 4 ಸೋಲು. 1975ರಲ್ಲಂತೂ 28ಕ್ಕೆ 28 ಗೆದ್ದರು. ನಡುವೆ ಸತತ 51 ಮ್ಯಾಚ್ ಗೆದ್ದ ಓಟವೂ ಇದೆ.

1975ರ ಫೈನಲ್ ಬಗ್ಗೆ ಬೇರೆಯೇ ಹೇಳಬೇಕು. ಎದುರಾಳಿ ಇಮ್ಯಾಕುಲಾಟಾ, ಪೆನ್ಸಿಲ್ವೇನಿಯಾದ ಇನ್ನೂ ಸಣ್ಣ ಕಾಲೇಜು, ಕ್ಯಾಥೊಲಿಕ್ ಸಿಸ್ಟರ್‌ಗಳು ನಡೆಸುವ ಹುಡುಗಿಯರ ಕಾಲೇಜು. ಅದರ ಜಿಮ್ ಬೆಂಕಿಗೆ ಆಹುತಿಯಾಗಿತ್ತು. 1972ರಲ್ಲಿ ಎಐಎಡಬ್ಲ್ಯು ನಡೆಸಿದ ಮೊದಲ ರಾಷ್ಟ್ರೀಯ ಟೂರ್ನಿಗೆ ವಿಮಾನದ ದುಡ್ಡು ಹೊಂದಿಸಲು ಹುಡುಗಿಯರು ಟೂತ್‌ಬ್ರಶ್ ಮಾರಿದರು, ಆದರೂ ಎಂಟೇ ಜನಕ್ಕೆ ಟಿಕೆಟ್ ಆಯಿತು. ಆ ಎಂಟು ಜನ ಹೋಗಿ ಕಪ್ ಗೆದ್ದು ಬಂದರು! 1973, 1974ರಲ್ಲೂ ಅವರೇ ಚಾಂಪಿಯನ್. ಗ್ಯಾಲರಿಯಲ್ಲಿ ಸಿಸ್ಟರ್‌ಗಳು ಬಕೆಟ್ ಬಡಿದು ಸದ್ದು ಮಾಡುತ್ತಿದ್ದರು. ಅಂಥ ತಂಡವನ್ನು ಡೆಲ್ಟಾ ಸ್ಟೇಟ್ 90-81ರಿಂದ ಸೋಲಿಸಿತು. ಮರುವರ್ಷದ ಫೈನಲ್‌ನಲ್ಲಿ ಮತ್ತೆ ಇವೆರಡೇ ತಂಡ, 69-64. 1977ರಲ್ಲಿ ಲೂಸಿಯಾನಾ ಸ್ಟೇಟ್ ಅನ್ನುವ ದೊಡ್ಡ ವಿಶ್ವವಿದ್ಯಾಲಯವನ್ನು ಸೋಲಿಸಿದರು.

ಅಂದರೆ ಎಐಎಡಬ್ಲ್ಯು ರಾಷ್ಟ್ರೀಯ ಟೂರ್ನಿಯ ಮೊದಲ ಆರು ವರ್ಷದ ಆರೂ ಕಪ್ ಎರಡು ಸಣ್ಣ ಕಾಲೇಜುಗಳಿಗೆ ಹೋದವು. ದೊಡ್ಡ ವಿಶ್ವವಿದ್ಯಾಲಯಗಳು ಹುಡುಗಿಯರ ಆಟಕ್ಕೆ ಇನ್ನೂ ಸರಿಯಾಗಿ ದುಡ್ಡು ಹಾಕಿರಲಿಲ್ಲ. ಹಾಕಲು ಶುರುಮಾಡಿದ ಮೇಲೆ ಸಣ್ಣವರಿಗೆ ಕಷ್ಟವಾಯಿತು, ಅದು ಬೇರೆ ಮಾತು.

ಲೂಸಿಯಾ ಒಲಿಂಪಿಕ್ಸ್‌ಗೆ ಹೋಗಿದ್ದಳಾ?

ಹೋಗಿದ್ದಳು. 1976, ಮಾಂಟ್ರಿಯಲ್. ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಒಲಿಂಪಿಕ್ಸ್‌ಗೆ ಸೇರಿದ್ದೇ ಆ ವರ್ಷ. ಮೊದಲ ಮ್ಯಾಚ್ ಜಪಾನ್ ವಿರುದ್ಧ, ಮೊದಲ ಬಾಸ್ಕೆಟ್ ಹಾಕಿದವಳು ಲೂಸಿಯಾ. ಒಲಿಂಪಿಕ್ಸ್ ಇತಿಹಾಸದಲ್ಲಿ ಮಹಿಳೆಯೊಬ್ಬಳ ಮೊದಲ ಪಾಯಿಂಟ್ ಹತ್ತಿ ಬಿಡಿಸಿದ ಕೈಯಿಂದ ಬಂತು. ಆ ಮ್ಯಾಚನ್ನು ಅಮೆರಿಕ ಸೋತಿತು, ಆದರೆ ಕೊನೆಗೆ ಬೆಳ್ಳಿ ಪದಕ ಬಂತು. ಚಿನ್ನ ಸೋವಿಯತ್ ಒಕ್ಕೂಟಕ್ಕೆ.

ಗಂಡಸರ ಎನ್‌ಬಿಎ ತಂಡ ಅವಳನ್ನು ಆರಿಸಿದ್ದು ನಿಜಾನಾ?

ನಿಜ. ಎನ್‌ಬಿಎ ಅಂದರೆ ಅಮೆರಿಕದ ಗಂಡಸರ ವೃತ್ತಿಪರ ಲೀಗ್, ಅದರ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. 1977ರ ಡ್ರಾಫ್ಟ್‌ನ ಏಳನೇ ಸುತ್ತಿನಲ್ಲಿ ನ್ಯೂ ಆರ್ಲಿಯನ್ಸ್ ಜ್ಯಾಝ್ ತಂಡ ಅವಳ ಹೆಸರು ಕೂಗಿತು, 137ನೇ ಆಯ್ಕೆ. ಅದಕ್ಕೂ ಮೊದಲು 1969ರಲ್ಲಿ ಇನ್ನೊಂದು ತಂಡ ಒಬ್ಬ ಹುಡುಗಿಯನ್ನು ಆರಿಸಿತ್ತು, ಲೀಗ್‌ನವರು ಅದನ್ನು ರದ್ದು ಮಾಡಿದ್ದರು. ಲೂಸಿಯಾ ಹೋಗಲಿಲ್ಲ. ಆಗ ಅವಳು ಗರ್ಭಿಣಿ, ಮೇಲಾಗಿ ಗಂಡಸರ ಜೊತೆ ಆಡುವ ಆಸೆ ತನಗಿರಲಿಲ್ಲ ಅಂತ ಮುಂದೆ ಸ್ಪಷ್ಟವಾಗಿ ಹೇಳಿದಳು.

ಮುಂದೆ ಏನಾದಳು? ಶ್ರೀಮಂತಳಾದಳಾ?

ಇಲ್ಲ. ಇದನ್ನು ಹುಡುಗಿಯರಿಂದ ಮುಚ್ಚಿಡಬಾರದು. ಓದು ಮುಗಿದ ಮೇಲೆ ಅವಳಿಗೆ ಆಡಲು ಜಾಗವೇ ಇರಲಿಲ್ಲ. ಮಹಿಳೆಯರ ಒಂದು ವೃತ್ತಿಪರ ಲೀಗ್ ಬಂತು, ಹೂಸ್ಟನ್ ತಂಡಕ್ಕೆ ಸ್ವಲ್ಪ ಕಾಲ ಆಡಿದಳು, ಆ ಲೀಗ್ ಬಹಳ ದಿನ ಉಳಿಯಲಿಲ್ಲ. ಈಗಿರುವ ಮಹಿಳೆಯರ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎ ಆಟ ಶುರುಮಾಡಿದ್ದು 1997ರಲ್ಲಿ, ಲೂಸಿಯಾ ಓದು ಮುಗಿಸಿ 20 ವರ್ಷಗಳಾದ ಮೇಲೆ. ಅವಳು ಡೆಲ್ಟಾ ಸ್ಟೇಟ್‌ನಲ್ಲೇ ಸಹಾಯಕ ಕೋಚ್ ಆದಳು, ಮುಂದೆ ಶಾಲೆಯಲ್ಲಿ ಟೀಚರ್ ಆದಳು, ನಾಲ್ಕು ಮಕ್ಕಳನ್ನು ಬೆಳೆಸಿದಳು. ಮನೋರೋಗವೂ ಕಾಡಿತು, ಅದನ್ನು ನಾಚಿಕೆ ಇಲ್ಲದೆ ಎಲ್ಲರ ಮುಂದೆ ಹೇಳಿದಳು. 1992ರಲ್ಲಿ, ಬ್ಯಾಸ್ಕೆಟ್‌ಬಾಲ್‌ನ ಹಿರಿಯ ಸಾಧಕರನ್ನು ಗೌರವಿಸುವ ನೈಸ್ಮಿತ್ ಹಾಲ್ ಆಫ್ ಫೇಮ್‌ಗೆ ಸೇರಿದ ಮೊದಲ ಕಪ್ಪು ಮಹಿಳೆ ಅವಳೇ. 2022ರ ಜನವರಿಯಲ್ಲಿ ತೀರಿಕೊಂಡಳು. ಅವಳ ಮೇಲೆ ತೆಗೆದ ಕಿರು ಸಾಕ್ಷ್ಯಚಿತ್ರಕ್ಕೆ ಎರಡೇ ತಿಂಗಳಲ್ಲಿ ಆಸ್ಕರ್ ಬಂತು. ಆ ಹೊತ್ತಿಗೆ ಅವಳೇ ಇರಲಿಲ್ಲ ಅನ್ನುವುದು ನನಗೆ ಇನ್ನೂ ಸಂಕಟ.

ವೇಡ್ ಟ್ರೋಫಿ ಅಂದರೆ ಇದೇ ವೇಡ್ ಹೆಸರಾ?

ಹೌದು. ಅಮೆರಿಕದ ಅತ್ಯುತ್ತಮ ಕಾಲೇಜು ಆಟಗಾರ್ತಿಗೆ 1978ರಿಂದ ಕೊಡುತ್ತಿದ್ದಾರೆ. ವೇಡ್ 1979ರಲ್ಲಿ ನಿವೃತ್ತರಾದರು, 1985ರಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿದರು. ಅಲ್ಲಿಗೆ ಸೇರಿದ ಮೊದಲ ಮಹಿಳೆಯರ ಸಾಲಿನಲ್ಲೇ ಅವರೂ ಇದ್ದಾರೆ, ಸೆಂಡಾ ಬೆರೆನ್ಸನ್ ಜೊತೆಗೆ. 1995ರಲ್ಲಿ ತೀರಿಕೊಂಡರು.

ಅವರ ನಂತರ ತಂಡ ಮುಳುಗಿತಾ?

ಮುಳುಗಲಿಲ್ಲ, ಮಟ್ಟ ಬದಲಾಯಿತು. 1982ರಲ್ಲಿ ಎನ್‌ಸಿಎಎ ಅನ್ನುವ ದೊಡ್ಡ ಸಂಸ್ಥೆ ಹುಡುಗಿಯರ ಟೂರ್ನಿಯನ್ನೂ ನಡೆಸಲು ಶುರುಮಾಡಿತು, ಹಳೆಯ ಎಐಎಡಬ್ಲ್ಯು ಮುಚ್ಚಿಹೋಯಿತು. ಸಣ್ಣ ವಿಶ್ವವಿದ್ಯಾಲಯವಾದ್ದರಿಂದ ಡೆಲ್ಟಾ ಸ್ಟೇಟ್ ಎರಡನೇ ಡಿವಿಜನ್‌ನಲ್ಲಿ ಆಡುತ್ತದೆ. ಅಲ್ಲಿ ಲಾಯ್ಡ್ ಕ್ಲಾರ್ಕ್ ಅನ್ನುವ ಕೋಚ್ ಕೈಯಲ್ಲಿ 1989, 1990, 1992ರಲ್ಲಿ ಮತ್ತೆ ಮೂರು ರಾಷ್ಟ್ರೀಯ ಪ್ರಶಸ್ತಿ ಬಂದವು.

ಅವರ ತಂಡದ ಗುರುತು ಬೆಂಡೆಕಾಯಿಯಂತೆ?

ಅಧಿಕೃತ ಹೆಸರು ಸ್ಟೇಟ್ಸ್‌ಮೆನ್, ಹುಡುಗಿಯರ ತಂಡಕ್ಕೆ ಲೇಡಿ ಸ್ಟೇಟ್ಸ್‌ಮೆನ್. ವಿದ್ಯಾರ್ಥಿಗಳು ಪ್ರೀತಿಯಿಂದ ಇಟ್ಟುಕೊಂಡದ್ದು ಹೋರಾಡುವ ಬೆಂಡೆಕಾಯಿ. ಆ ಭಾಗದಲ್ಲಿ ನಮ್ಮ ಹಾಗೆಯೇ ಬೆಂಡೆಕಾಯಿ ತಿನ್ನುತ್ತಾರೆ, ತಂಡದ ಬಣ್ಣವೂ ಹಸಿರು.

"ಅಕ್ಕಾರ, ನಮ್ಮಂಥಾ ಊರಾಗ ಇದೆಲ್ಲಾ ಆಗತೈತೇನ್ರೀ?"

ದಾರಿ ಇದೆ. ರಾಜ್ಯದ ಮೊದಲ ಮಹಿಳಾ ವಿಶ್ವವಿದ್ಯಾಲಯ ನಮ್ಮ ಊರಲ್ಲೇ, ತೊರವಿ ಹತ್ತಿರ ಇದೆ. 2003ರಲ್ಲಿ ಶುರುವಾದದ್ದು, 2017ರಲ್ಲಿ ಅಕ್ಕಮಹಾದೇವಿ ಹೆಸರು ಬಂತು. ಉತ್ತರ ಕರ್ನಾಟಕದ ಎಷ್ಟೋ ಮಹಿಳಾ ಕಾಲೇಜುಗಳು ಅದರ ಅಡಿಯಲ್ಲಿವೆ. ಕಾಲೇಜು ತಂಡ, ಅಂತರಕಾಲೇಜು ಪಂದ್ಯ, ಅಲ್ಲಿಂದ ವಿಶ್ವವಿದ್ಯಾಲಯ ತಂಡ, ಆಮೇಲೆ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಟೂರ್ನಿ, ಅಲ್ಲಿ ಮೇಲೆ ಬಂದರೆ ಅಖಿಲ ಭಾರತ ಮಟ್ಟ. ಸೈಕ್ಲಿಂಗ್‌ನಲ್ಲಿ ನಮ್ಮ ಜಿಲ್ಲೆಯ ಹೆಸರು ದೇಶಕ್ಕೇ ಗೊತ್ತು, ಅದೂ ಇದೇ ಬಿಸಿಲು, ಇದೇ ರಸ್ತೆಗಳಲ್ಲಿ ಬೆಳೆದದ್ದು.

ನಮ್ಮ ಕಷ್ಟ ಎಲ್ಲಿದೆ ಅಂತ ನನಗೆ ಗೊತ್ತು. ಸಿಂದಗಿ, ಇಂಡಿ, ಬಸವನ ಬಾಗೇವಾಡಿ ಕಡೆಯಿಂದ ಓಡಾಡುವ ಹುಡುಗಿಗೆ ಸಂಜೆ ಬಸ್ ತಪ್ಪಿದರೆ ಅವತ್ತಿನಿಂದ ಆಟ ಬಂದ್. ಮನೆಯಲ್ಲಿ ಬಣ್ಣ ಕಪ್ಪಾಗುತ್ತದೆ, ನಾಳೆ ಗಂಡಿನ ಕಡೆಯವರು ಬಂದರೆ ಏನು ಹೇಳುವುದು ಅನ್ನುತ್ತಾರೆ. ಪದವಿ ಎರಡನೇ ವರ್ಷಕ್ಕೆ ಒಳ್ಳೆಯ ಆಟಗಾರ್ತಿಯರು ಒಬ್ಬೊಬ್ಬರೇ ಕಾಣೆಯಾಗುತ್ತಾರೆ. ಇಲ್ಲಿ ಯಾರೂ ಆದೇಶ ಹೊರಡಿಸಿ ತಂಡ ಮುಚ್ಚುವುದಿಲ್ಲ. ಹೀಗೇ ಒಬ್ಬೊಬ್ಬರಾಗಿ ಬಿಟ್ಟು, ತಂಡ ತಾನಾಗಿ ನಿಲ್ಲುತ್ತದೆ, ಮತ್ತೆ ಶುರುವಾಗಲು ಎಷ್ಟು ವರ್ಷ ಬೇಕೋ ಯಾರಿಗೂ ಗೊತ್ತಿಲ್ಲ. ದೈಹಿಕ ಶಿಕ್ಷಣದ ಉಪನ್ಯಾಸಕರಿಗೂ ಪಾಲಕರಿಗೂ ನನ್ನ ಬೇಡಿಕೆ ಇಷ್ಟೇ: ಅಭ್ಯಾಸದ ಸಮಯವನ್ನು ಕೊನೆಯ ಬಸ್ ನೋಡಿ ಇಡಿ, ಮದುವೆ ಮಾತು ಬಂದಾಗ ಹುಡುಗಿ ಆಡುತ್ತಾಳೆ ಅಂತ ಮೊದಲೇ ಹೇಳಿಬಿಡಿ.

ನಾನು ಈಗ ಪಿಯುಸಿ. ತಡ ಆಯಿತಾ?

ಆಗಿಲ್ಲ. ಟ್ರ್ಯಾಕ್ ಪ್ಯಾಂಟ್, ಜಾರದ ಶೂ ಇದ್ದರೆ ಸಾಕು. ಹುಡುಗಿಯರ ಚೆಂಡು 6ನೇ ಸೈಜು, ಅಂಗಡಿಯಲ್ಲಿ ಕೇಳುವಾಗ ನೆನಪಿರಲಿ, ಸುಮ್ನೆ ಬಾಲ್ ಅಂದರೆ 7 ಕೊಟ್ಟು ಕಳಿಸುತ್ತಾರೆ. ಮೊದಲ ತಿಂಗಳು ಎರಡೂ ಕೈಯಲ್ಲಿ ಡ್ರಿಬಲ್ ಮತ್ತು ರಿಂಗ್ ಹತ್ತಿರ ಹೋಗಿ ಚೆಂಡು ಹಾಕುವ ಲೇ-ಅಪ್ ಮಾತ್ರ ಮಾಡಿಸುತ್ತೇನೆ. ಎಡಗೈ ಮೊದಮೊದಲು ಹೇಳಿದ ಮಾತು ಕೇಳುವುದಿಲ್ಲ, ಮನೆ ಅಂಗಳದಲ್ಲಿ ದಿನಾ ಹತ್ತು ನಿಮಿಷ ಎಡಗೈಯಲ್ಲೇ ಚೆಂಡು ಬಡಿಯಿರಿ. ಐದು ಜನ ಇದ್ದರೆ ಒಂದು ತಂಡ, ಆದ್ದರಿಂದ ಬರುವಾಗ ಗೆಳತಿಯನ್ನೂ ಕರೆದುಕೊಂಡು ಬನ್ನಿ.